ಹರಟೆ ನಿಂತಲ್ಲಿ ವದಂತಿ ಮಾತಾಡುತ್ತದೆ

ಊಟ ಆಯಿತಾ? ಅಲ್ಲಿ ಮಳೆ ಉಂಟಾ? ಬಂಗುಡೆಗೆ ಇವತ್ತು ಎಷ್ಟು ರೇಟು? ಮಗಳ ಜ್ವರ ಬಿಟ್ಟಿತಾ? ಗೆಳೆಯರ ಹರಟೆಯಲ್ಲಿ ಇದಕ್ಕಿಂತ ದೊಡ್ಡ ವಿಷಯಗಳು ಬರುವುದು ಕಡಿಮೆ. ಒಂದು ಕಾಲದಲ್ಲಿ ಮನೆಯ ಜಗಲಿ, ಹೋಟೆಲಿನ ಬೆಂಚು, ಬಸ್ ತಂಗುದಾಣಗಳು ಈ ಹರಟೆಯ ತಾಣಗಳಾಗಿದ್ದುವು. ಇಂದು ಅದು ಮೊಬೈಲಿನೊಳಗಿನ ವಾಟ್ಸಾಪ್ ಗ್ರೂಪಿಗೆ ವಾಸ ಬದಲಾಯಿಸಿದೆ. ಹತ್ತನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರ ಪೈಕಿ ಒಬ್ಬ ಈಗ ಉಡುಪಿಯಲ್ಲಿದ್ದರೆ ಇನ್ನೊಬ್ಬ ಬೆಂಗಳೂರಿನಲ್ಲಿ, ಮತ್ತೊಬ್ಬ ಸೌದಿಯ ಜುಬೈಲ್‌ನಲ್ಲಿ. ಹೀಗೆ ಚದುರಿದವರನ್ನು ದಿನಕ್ಕೊಮ್ಮೆ ಒಟ್ಟುಗೂಡಿಸುವುದು ಇಂಥ ನಾಲ್ಕು ಅರ್ಥವಿಲ್ಲದ ಮಾತುಗಳೇ. ಹಿರಿಯರು ಇದನ್ನು ಕಾಡುಹರಟೆ ಎನ್ನುತ್ತಾರೆ. ಸಮಯದ ಅಪವ್ಯಯ ಎಂಬುದು ಉಪದೇಶಕರ ದೂರು. ನಾವೂ ಬಹುಕಾಲ ಹಾಗೆಯೇ ಭಾವಿಸಿದ್ದೆವು.

ಆದರೆ, ಈ ಹರಟೆ ನಿಂತೇಹೋದರೆ ಆ ಜಾಗವನ್ನು ಏನು ತುಂಬುತ್ತದೆ ಎಂದು ನಾವು ಆಲೋಚಿಸಿದ್ದೇವೆಯೇ?

2018ರ ಬೇಸಿಗೆ ಮತ್ತು ಮಳೆಗಾಲದಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ದೇಶದ ಮೊಬೈಲುಗಳಲ್ಲಿ ಹರಿದಾಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನನ್ನು ಗುಂಪು ಹೊಡೆದು ಕೊಂದಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು ಹತರಾದರು. ಜುಲೈ 13ರಂದು ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಸರದಿ. ಹೈದರಾಬಾದಿನಿಂದ ಗೆಳೆಯರ ತಂಡವೊಂದು ಕಾರಿನಲ್ಲಿ ಆ ಕಡೆಗೆ ಬಂದಿತ್ತು. ಅವರಲ್ಲಿ ಕತರ್‌ನ ಅತಿಥಿಯೊಬ್ಬರೂ ಇದ್ದರು. ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಅವರು ಚಾಕಲೇಟು ಕೊಟ್ಟರು. ಅಷ್ಟೇ ಸಾಕಾಯಿತು. ಜನರಿಗೆ ಸಂಶಯ ಬಂತು, ಸಂಶಯ ವಾಟ್ಸಾಪ್‌ಗೆ ಏರಿತು ಮತ್ತು ಕಾರು ಮುರ್ಕಿ ತಲುಪುವುದಕ್ಕಿಂತ ಮೊದಲೇ ಸುದ್ದಿ ಮುರ್ಕಿ ತಲುಪಿತ್ತು. ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಅಲ್ಲಿ ಪ್ರಾಣ ಕಳಕೊಂಡರು. ರಕ್ಷಿಸಲು ಹೋದ ಪೊಲೀಸರೂ ಗಾಯಗೊಂಡರು.

ಗಲ್ಫ್‌ನಿಂದ ಬಂದವರು ಮಕ್ಕಳ ಕೈಗೆ ಚಾಕಲೇಟು ಕೊಡುವುದು ಎಂದರೇನೆಂದು ಕರಾವಳಿಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಪ್ರತಿ ಬೀದಿಯ ಮಕ್ಕಳೂ ಆ ಸಿಹಿಯನ್ನು ತಿಂದು ಬೆಳೆದಿದ್ದಾರೆ. ಅದೇ ಸಿಹಿ ಅಪರಿಚಿತರ ನಡುವೆ ಅಪರಾಧದ ಪುರಾವೆಯಾಯಿತು.

ಅಷ್ಟಕ್ಕೂ, ಇಂಥ ಸುದ್ದಿಯನ್ನು ಜನರು ಯಾಕೆ ನಂಬಿದರು? ಕಳುಹಿಸಿದವರು ಅಪರಿಚಿತರಾಗಿರಲಿಲ್ಲ ಎಂಬುದೇ ಒಂದು ಮುಖ್ಯ ಕಾರಣ. ಬೆಳಿಗ್ಗೆ ಯೋಗಕ್ಷೇಮ ಕೇಳುವ ಗೆಳೆಯನೇ ಮಧ್ಯಾಹ್ನ ಆ ವೀಡಿಯೋ ಕಳುಹಿಸುತ್ತಾನೆ. ಅವನು ಸುಳ್ಳು ಹೇಳಲಾರ ಎಂದು ನಮಗೆ ಗೊತ್ತು. ಆದರೆ ಅದು ಅವನ ಮಾತಲ್ಲ, ಅವನ ಹೆಸರಿನಲ್ಲಿ ಬಂದ ಯಾರದೋ ಮಾತು ಎಂಬುದನ್ನು ನಾವು ಗಮನಿಸುವುದಿಲ್ಲ. ವರ್ಷಗಟ್ಟಲೆಯ ಹರಟೆ ಸಂಪಾದಿಸಿಟ್ಟ ವಿಶ್ವಾಸವನ್ನು ವದಂತಿ ಒಂದೇ ದಿನದಲ್ಲಿ ಖರ್ಚು ಮಾಡಿಬಿಡುತ್ತದೆ.

2020ರ ಏಪ್ರಿಲ್‌ನಲ್ಲಿ, ಕೊರೋನಾದ ಲಾಕ್‌ಡೌನ್ ಸಂದರ್ಭದಲ್ಲಿ, ಇದರ ಇನ್ನೊಂದು ಮುಖವನ್ನು ಕಂಡೆವು. ಮಧ್ಯಪ್ರದೇಶದ ಹಣ್ಣಿನ ವ್ಯಾಪಾರಿಯೊಬ್ಬರ ಫೆಬ್ರವರಿ ತಿಂಗಳ ವೀಡಿಯೋವನ್ನು ರೋಗ ಹರಡುವ ಸಂಚು ಎಂಬ ಒಕ್ಕಣೆಯೊಂದಿಗೆ ಹಂಚಲಾಯಿತು. ಸಹಪಾಠಿಗಳ ಎಷ್ಟೋ ಗ್ರೂಪುಗಳಿಗೂ ಅದು ಬಂತು. ಅಲ್ಲಿದ್ದ ಮುಸ್ಲಿಮ್ ಗೆಳೆಯ ಏನೂ ಹೇಳಲಿಲ್ಲ. ಉಳಿದವರು ಆತನ ಮೌನವನ್ನು ನೋಡಿ ಮುಜುಗರದಿಂದ ಮೌನವಾದರು. ಕೆಲವರು ಗ್ರೂಪ್ ತೊರೆದರು. ಬಳಿಕ ಅಲ್ಲಿ ಉಳಿದದ್ದು ಹಬ್ಬದ ಶುಭಾಶಯದ ಚಿತ್ರಗಳು ಮಾತ್ರ. ಜಗಳವಾಡಿ ಮುರಿದ ಗೆಳೆತನಕ್ಕೆ ಮರಳುವ ದಾರಿ ಇರುತ್ತದೆ. ಜಗಳವೂ ಇಲ್ಲದೆ ಆರಿಹೋದ ಗೆಳೆತನಕ್ಕೆ ಆ ದಾರಿಯೂ ಇಲ್ಲ.

ಹಾಗಂತ, ನಾವು ಬರೀ ಸಂತ್ರಸ್ತರಲ್ಲ. ನಮ್ಮ ಮೊಹಲ್ಲಾದ, ಕುಟುಂಬದ ಗ್ರೂಪುಗಳನ್ನೊಮ್ಮೆ ತೆರೆದು ನೋಡೋಣ. ಬೇರೆ ಯಾವುದೋ ದೇಶದ ಹಳೆಯ ದೃಶ್ಯ ನಿನ್ನೆಯದೆಂದು ಬರುತ್ತದೆ. ಹೆಸರು ಹೇಳದವರ ಧ್ವನಿಮುದ್ರಿಕೆ ಮನೆಮನೆಗೆ ಭಯ ಹಂಚುತ್ತದೆ. ಸಹಪಾಠಿಯೊಂದಿಗೆ ನಿಂತು ಮಾತಾಡಿದ ಹೆಣ್ಣುಮಗಳ ಫೋಟೋ ಅವಳು ಮನೆ ತಲುಪುವುದರೊಳಗೆ ಮನೆಯವರ ಮೊಬೈಲಿಗೆ ತಲುಪುತ್ತದೆ. ಇದನ್ನು ಮಾಡುವವರಲ್ಲಿ ನಮ್ಮ ಯುವಕರೂ ಇದ್ದಾರೆ. ಪರಿಶೀಲಿಸದೆ ಸುದ್ದಿಯನ್ನು ನಂಬಬಾರದು, ಇನ್ನೊಬ್ಬರ ಗೌಪ್ಯವನ್ನು ಕೆದಕಬಾರದು ಎಂಬ ಪಾಠವನ್ನು ಮದ್ರಸದ ಬೆಂಚಿನಲ್ಲಿ ಕಲಿತವರು ನಾವು. ಬೆರಳು ತೆರೆಯ ಮೇಲಿರುವಾಗ ಆ ಪಾಠ ಎಲ್ಲಿ ಹೋಗುತ್ತದೆ?

ವಾಟ್ಸಾಪ್ ಕಂಪೆನಿ 2018ರ ಜುಲೈಯಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸುವ ಮಿತಿ ಹೇರಲು ಹೊರಟಿತು. ಅನೇಕ ಕೈ ದಾಟಿ ಬಂದ ಸಂದೇಶಕ್ಕೆ 2020ರ ಏಪ್ರಿಲ್‌ನಲ್ಲಿ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಅಂಥ ಸಂದೇಶಗಳ ಹಂಚಿಕೆ ಶೇ. 70ರಷ್ಟು ಕುಸಿಯಿತೆಂದು ಕಂಪೆನಿಯೇ ಹೇಳಿತು. ಸಂತೋಷ. ಇನ್ನು ಕಾನೂನಿನ ವಿಷಯ. ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಗ್ರೂಪಿನ ಅಡ್ಮಿನ್‌ನನ್ನು ಹೊಣೆ ಮಾಡಲಾಗದೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು. ಅದು ನ್ಯಾಯವೇ. ಆದರೆ ಕಾನೂನಿನ ಹೊಣೆ ಮುಗಿಯುವಲ್ಲಿ ಗೆಳೆತನದ ಹೊಣೆ ಮುಗಿಯುವುದಿಲ್ಲ. ಜಗಲಿಯಲ್ಲಿ ಕೂತು ಒಬ್ಬ ಸುಳ್ಳು ಹೇಳಿದಾಗ, 'ನೀನು ಕಣ್ಣಾರೆ ನೋಡಿದ್ದೀಯಾ?' ಎಂದು ಕೇಳುವವನೊಬ್ಬ ಅಲ್ಲೇ ಇರುತ್ತಿದ್ದ. ಅದರಿಂದ ಯಾರೂ ಜಗಲಿ ಬಿಟ್ಟು ಹೋಗುತ್ತಿರಲಿಲ್ಲ. ಯಾಕೆಂದರೆ, ಮರುಕ್ಷಣ ಮಾತು ಮಳೆಗೋ ಮೀನಿಗೋ ಹೊರಳುತ್ತಿತ್ತು. ಆ ಪ್ರಶ್ನೆಯನ್ನು ಕೇಳುವ ಸಲುಗೆಯನ್ನು ಕೊಟ್ಟದ್ದೇ ಹರಟೆ.

ಆದ್ದರಿಂದ, ಗೆಳೆಯರ ಗ್ರೂಪಿನಲ್ಲಿ ನಮ್ಮದೇ ಮಾತುಗಳನ್ನು ಆಡೋಣ. ಯಾರದೋ ಮಾತು ಬಂದಾಗ, ಕಳುಹಿಸಿದವನನ್ನು ಎಲ್ಲರೆದುರು ಹೀಯಾಳಿಸದೆ, 'ಇದು ನಿನಗೆ ಎಲ್ಲಿಂದ ಸಿಕ್ಕಿತು ಮಾರಾಯ?' ಎಂದು ಕೇಳೋಣ. ಈ ಪ್ರಶ್ನೆಯನ್ನು ನೊಂದವನೇ ಕೇಳಬೇಕೆಂದು ಉಳಿದವರು ಕಾಯಬಾರದು. ಹಿಂದೂ ಗೆಳೆಯನನ್ನು ನಿಂದಿಸುವ ಸಂದೇಶ ಬಂದಾಗ ಮುಸ್ಲಿಮ್ ಗೆಳೆಯ, ಮುಸ್ಲಿಮ್ ಗೆಳೆಯನನ್ನು ನಿಂದಿಸುವ ಸಂದೇಶ ಬಂದಾಗ ಹಿಂದೂ ಗೆಳೆಯ ಮೊದಲು ಬಾಯಿ ತೆರೆಯಬೇಕು. ಎಂದೋ ಮೌನವಾಗಿ ಗ್ರೂಪ್ ತೊರೆದುಹೋದ ಒಬ್ಬನಾದರೂ ನಮ್ಮೆಲ್ಲರ ನೆನಪಿನಲ್ಲಿದ್ದಾನೆ. ಅವನಿಗೆ ಇಂದು ಕರೆ ಮಾಡೋಣ. ಏನು ಮಾತಾಡುವುದು ಎಂಬ ಸಂಕೋಚವೇ? ಊಟ ಆಯಿತಾ ಎಂದು ಕೇಳಿದರೆ ಸಾಕು.