ಫೋನಿನಲ್ಲಿ ಕುರ್‌ಆನ್: ಮಗುವಿಗೆ ಒಂದೇ ಪುಟ, ಹಿರಿಯರಿಗೆ ದೊಡ್ಡ ಅಕ್ಷರ

ಸೂಳೆಕೆರೆಯ ಸುತ್ತಲಿನ ಹಳ್ಳಿಗಳಿಂದ ಮಕ್ಕಳನ್ನು ನನ್ನ ಬಳಿಗೆ ಕರೆತರುವ ತಾಯಂದಿರು ಈಚೆಗೆ ಎರಡು ದೂರುಗಳನ್ನು ಒಟ್ಟಿಗೆ ಹೇಳುತ್ತಾರೆ. “ಕಣ್ಣು ಉರಿ ಅಂತಾನೆ ಹಕೀಮ್ ಸಾಹೇಬ್ರೆ, ಸಬಕ್ ಕೂಡ ತಲೇಲಿ ನಿಲ್ತಾ ಇಲ್ಲ.” ಕಣ್ಣಿಗೊಂದು ಹನಿ, ನೆನಪಿಗೊಂದು ಮಾಜೂನ್ ಕೊಟ್ಟರೆ ಸಾಕು ಎಂಬುದು ಅವರ ನಿರೀಕ್ಷೆ. ನಾನು ಮೊದಲು ಕೇಳುವುದು ಬೇರೆಯೇ ಪ್ರಶ್ನೆ: ಮಗು ಕುರ್‌ಆನ್ ಓದುವುದು ಯಾವುದರಲ್ಲಿ? ಮದ್ರಸಾದಲ್ಲಿ ಕಾಗದದ ಮುಸ್‌ಹಫ್, ಮನೆಯಲ್ಲಿ ಅಬ್ಬಾನ ಫೋನು ಎಂಬ ಉತ್ತರ ಬರುತ್ತದೆ. ಎರಡರಲ್ಲೂ ಕುರ್‌ಆನ್ ಒಂದೇ, ಆದರೆ ಪುಟ ಒಂದೇ ಅಲ್ಲ. ಹಿಫ್ಝ್ ಮಾಡುವ ಮಗುವಿನ ಅರ್ಧ ಕಷ್ಟ ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಇದು ಹೇಗೆಂದು ನೋಡಿ. ಮದೀನಾದ ಕಿಂಗ್ ಫಹದ್ ಮುದ್ರಣಾಲಯದ ಮುಸ್‌ಹಫನ್ನು ಬರೆದವರು ಪ್ರಸಿದ್ಧ ಲಿಪಿಕಾರ ಉಸ್ಮಾನ್ ತಾಹಾ. ಅದರಲ್ಲಿ ಪುಟಕ್ಕೆ 15 ಸಾಲು, ಒಟ್ಟು 604 ಪುಟ. ಪ್ರತಿ ಪುಟವೂ ಒಂದು ಆಯತಿನ ಆರಂಭದಿಂದ ಶುರುವಾಗಿ ಇನ್ನೊಂದು ಆಯತಿನ ಕೊನೆಗೆ ಮುಗಿಯುತ್ತದೆ. ಒಂದು ಪಾರಾಕ್ಕೆ ಸುಮಾರು 20 ಪುಟ. ನಮ್ಮ ಕಡೆಯ ಮಸೀದಿ, ಮಕ್ತಬ್‌ಗಳಲ್ಲಿ ಇರುವುದು ಹೆಚ್ಚಾಗಿ ಭಾರತ–ಪಾಕಿಸ್ತಾನದ ಶೈಲಿಯ ಲಿಪಿ. ಅದರಲ್ಲೂ 13, 15, 16 ಸಾಲುಗಳ ಬೇರೆ ಬೇರೆ ಮುದ್ರಣಗಳಿವೆ. ಝಬರ್, ಝೇರ್ ಹಾಕುವ ರೀತಿ, ನಿಲುಗಡೆಯ ಗುರುತುಗಳು, ಅಂಚಿನಲ್ಲಿರುವ ರುಕೂ ಚಿಹ್ನೆ ಇವೆಲ್ಲ ಮದನಿ ಮುಸ್‌ಹಫಿಗಿಂತ ಭಿನ್ನ. ಯಾವುದೂ ತಪ್ಪಲ್ಲ, ಯಾವುದೂ ಕಡಿಮೆಯಲ್ಲ. ಆದರೆ ಒಂದರಲ್ಲಿ ಪುಟದ ತಲೆಯಲ್ಲಿರುವ ಆಯತು ಇನ್ನೊಂದರಲ್ಲಿ ನಡುವಿಗೆ ಬಂದಿರುತ್ತದೆ.

ಹಾಫಿಝರನ್ನು ಕೇಳಿ ನೋಡಿ. ಓದುವಾಗ ಪುಟ ಕಣ್ಣ ಮುಂದೆ ಬರುತ್ತದೆ ಎನ್ನುತ್ತಾರೆ. ಬಲಪುಟವೋ ಎಡಪುಟವೋ, ಮೇಲೋ ಕೆಳಗೋ ಎಂಬುದೂ ಆಯತಿನ ಜೊತೆಗೇ ನೆನಪಿನಲ್ಲಿ ಕೂತಿರುತ್ತದೆ. ಒಂದನ್ನೊಂದು ಹೋಲುವ ಆಯತುಗಳು ಬಂದಾಗ ಈ ಜಾಗದ ನೆನಪೇ ಆಸರೆ. ಸೂರಃ ಅಲ್ ಬಕರದ 48ನೇ ಮತ್ತು 123ನೇ ಆಯತುಗಳನ್ನು ತೆಗೆದುಕೊಳ್ಳಿ. ಎರಡರ ಮಾತೂ ಬಹುತೇಕ ಒಂದೇ. ಶಿಫಾರಸು ಮೊದಲೋ ಪರಿಹಾರಧನ ಮೊದಲೋ ಎಂಬ ಕ್ರಮ ಮುಖ್ಯವಾಗಿ ಬೇರೆ. 604 ಪುಟಗಳ ಮುಸ್‌ಹಫಿನಲ್ಲಿ ಮೊದಲನೆಯದು 7ನೇ ಪುಟದ ಕಟ್ಟಕಡೆಗಿದೆ, ಎರಡನೆಯದು 19ನೇ ಪುಟದ ನಡುವಿಗಿದೆ. ಜಾಗ ನೆನಪಿದ್ದ ಮಗು ತಡವರಿಸುವುದು ಕಡಿಮೆ. ಬೆಳಿಗ್ಗೆ ಒಂದು ಪುಟ, ಸಂಜೆ ಇನ್ನೊಂದು ಪುಟ ನೋಡಿದ ಮಗುವಿಗೆ ಆ ಆಸರೆ ಸಿಗುವುದಿಲ್ಲ. ಆಮೇಲೆ “ನಿನಗೆ ಬುದ್ಧಿ ಸಾಲದು” ಎಂದು ಅದನ್ನೇ ಬಯ್ಯುತ್ತೇವೆ. ಇದು ಅನ್ಯಾಯ.

ಫೋನಿನಲ್ಲಿ ಕುರ್‌ಆನ್ ಮೂರು ಬಗೆಯಲ್ಲಿ ಕಾಣುತ್ತದೆ. ಮೊದಲನೆಯದು, ಅಚ್ಚಾದ ಪುಟದ ಚಿತ್ರ. ಎರಡನೆಯದು, ಪ್ರತಿ ಪುಟಕ್ಕೂ ಒಂದೊಂದು ಫಾಂಟ್ ಮಾಡಿ, ಪ್ರತಿ ಪದವೂ ಅಚ್ಚಿನಲ್ಲಿದ್ದ ಸಾಲಿನಲ್ಲೇ ನಿಲ್ಲುವಂತೆ ಜೋಡಿಸಿದ ಪುಟ. ಈ ಎರಡರಲ್ಲೂ ಪುಟ ಕದಲುವುದಿಲ್ಲ. ಮೂರನೆಯದು, ಆಯತುಗಳ ಉದ್ದನೆಯ ಪಟ್ಟಿ. ಅಕ್ಷರ ದೊಡ್ಡದು ಮಾಡಿದರೆ ಸಾಲು ಮುರಿದು ಕೆಳಕ್ಕೆ ಜಾರುತ್ತದೆ, ಬೆರಳಾಡಿಸಿದಂತೆ ಎಲ್ಲವೂ ಹರಿಯುತ್ತದೆ. ಅದಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ. ಅರ್ಥ ನೋಡಲು ಇದು ಅನುಕೂಲ, ಕಂಠಪಾಠಕ್ಕೆ ಖಂಡಿತ ಬೇಡ.

“ಹಾಗಾದರೆ ಫೋನೇ ಬೇಡವೇ?” ಎಂದು ನೀವು ಕೇಳಬಹುದು. ನಾನು ಹಾಗೆ ಹೇಳುವುದಿಲ್ಲ. ನಲವತ್ತು ದಾಟಿ ಚಾಳೀಸು ಬಂದವರಿಗೆ, ಪೊರೆಯಿಂದ ದೃಷ್ಟಿ ಮಂಜಾದ ದಾದಿ, ನಾನಿಯರಿಗೆ ಆ ಹರಿಯುವ ದೊಡ್ಡ ಅಕ್ಷರವೇ ದೊಡ್ಡ ನೆರವು. ಅವರು ತಿಲಾವತ್ ಮಾಡುತ್ತಾರೆ, ಹೊಸದಾಗಿ ಬಾಯಿಪಾಠ ಮಾಡುವುದಿಲ್ಲ. ಅವರಿಗೆ ಪುಟ ಮುರಿದರೂ ಚಿಂತೆಯಿಲ್ಲ, ಅಕ್ಷರ ಕಂಡರೆ ಸಾಕು. ಮಗುವಿನ ಅಗತ್ಯ ಇದಕ್ಕೆ ವಿರುದ್ಧ. ಒಂದೇ ಫೋನು, ಒಂದೇ ಸೆಟ್ಟಿಂಗ್ ಮನೆಮಂದಿಗೆಲ್ಲ ಸಾಕು ಎಂದುಕೊಳ್ಳುವುದರಲ್ಲಿ ತೊಂದರೆ ಇದೆ.

ಇನ್ನು ಕಣ್ಣಿನ ಮಾತು. ಸುಮಾರು 14 ಸೆಂಟಿಮೀಟರ್ ಅಗಲದ ಮುಸ್‌ಹಫಿನ ಪುಟವನ್ನು 7 ಸೆಂಟಿಮೀಟರಿನ ಪರದೆಗೆ ಇಳಿಸಿದರೆ ಅಕ್ಷರ ಅರ್ಧಕ್ಕೆ ಇಳಿಯುತ್ತದೆ. ಝಬರ್–ಝೇರ್ ಚುಕ್ಕೆಯಂತಾಗುತ್ತವೆ. ಮಗು ಫೋನನ್ನು ಮೂಗಿನ ಹತ್ತಿರ ತರುತ್ತದೆ, ಕುತ್ತಿಗೆ ಬಗ್ಗಿಸುತ್ತದೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಬಹಳ ಕಡಿಮೆಯಾಗಿ ಕಣ್ಣು ಒಣಗುತ್ತದೆ. ಉರಿಗೆ ಇದೂ ಒಂದು ಕಾರಣ. ಸುರ್ಮಾ ಹಚ್ಚಿದರೆ ಇದು ಹೋಗುವುದಿಲ್ಲ. ಉರಿ ನಿಲ್ಲದಿದ್ದರೆ, ಮಗು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ ಕಣ್ಣಿನ ತಪಾಸಣೆ ತಡಮಾಡಬೇಡಿ.

ನಿದ್ದೆಯೂ ಮುಖ್ಯ. ನಮ್ಮ ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅತ್ಯಗತ್ಯವಾದ ಆರು ಸಂಗತಿಗಳನ್ನು ಹೇಳಿದೆ. ನಿದ್ದೆ–ಎಚ್ಚರ ಅವುಗಳಲ್ಲೊಂದು. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ. ರಾತ್ರಿ ಹನ್ನೊಂದರವರೆಗೆ ಪರದೆ ನೋಡಿದ ಮಗುವಿಗೆ ಫಜ್ರ್ ನಂತರದ ಸಬಕ್ ಹತ್ತುವುದು ಕಷ್ಟ. ಅಡಿಕೆ ಸುಲಿಯುವ ಕಾಲದಲ್ಲಿ ಮನೆಯೇ ತಡವಾಗಿ ಮಲಗುತ್ತದೆ. ಆಗಲಾದರೂ ಮಕ್ಕಳನ್ನು ಬೇಗ ಮಲಗಿಸಿ.

ಪ್ರಿಯ ಓದುಗರೇ, ನಾನು ಕೊಡುವ ಸಲಹೆ ಇಷ್ಟೇ:

ಉಸ್ತಾದರನ್ನು ಕೇಳಿ ಮಗುವಿನ ಮುಸ್‌ಹಫ್ ಎಷ್ಟು ಸಾಲಿನದು, ಯಾವ ಮುದ್ರಣ ಎಂದು ತಿಳಿದುಕೊಳ್ಳಿ. ಹಿಫ್ಝ್ ಮುಗಿಯುವವರೆಗೆ ಅದನ್ನು ಬದಲಿಸಬೇಡಿ. ಹರಿದುಹೋದರೆ ಅದೇ ಮುದ್ರಣದ ಇನ್ನೊಂದು ಪ್ರತಿ ತನ್ನಿ.

ಹೊಸ ಸಬಕ್ ಕಾಗದದಲ್ಲೇ ಆಗಲಿ. ರೆಹಾಲ್ ಮೇಲೆ ಇಟ್ಟು, ಮೊಳಕೈಯಷ್ಟು ದೂರದಲ್ಲಿ, ಸಾಕಷ್ಟು ಬೆಳಕಿನಲ್ಲಿ ಓದಲಿ.

ಫೋನು ಬೇಕೇ ಬೇಕಾದರೆ ಅದೇ ಲಿಪಿ, ಅಷ್ಟೇ ಸಾಲಿನ ಪುಟವಿರುವ ಆ್ಯಪ್ ಹುಡುಕಿ. ‘ಇಂಡೋಪಾಕ್’ ಎಂಬ ಆಯ್ಕೆ ಕೆಲವು ಆ್ಯಪ್‌ಗಳಲ್ಲಿದೆ. ಕಾಗದದ ಪುಟದ ಪಕ್ಕದಲ್ಲಿಟ್ಟು ಮೊದಲ ಮತ್ತು ಕೊನೆಯ ಪದ ಹೋಲಿಸಿ ನೋಡಿ. ಫೋನಿಗಿಂತ ಟ್ಯಾಬ್ ಮೇಲು. ಕಾರಿಗಳ ಪಾರಾಯಣ ಕೇಳಲು ಫೋನು ಬಳಸಿ, ಆಗ ಕಣ್ಣು ಮುಸ್‌ಹಫಿನ ಮೇಲಿರಲಿ.

ಪರದೆಯಲ್ಲಿ ಓದುವಾಗ 20 ನಿಮಿಷಕ್ಕೊಮ್ಮೆ ತಲೆಯೆತ್ತಿ, ದೂರದ ತೋಟವನ್ನೋ ಗುಡ್ಡವನ್ನೋ 20 ಸೆಕೆಂಡು ನೋಡಲಿ. ದಿನಕ್ಕೆ ಎರಡು ಗಂಟೆಯಾದರೂ ಮಗು ಹಗಲು ಬೆಳಕಿನಲ್ಲಿ ಆಡಲಿ. ಸಮೀಪದೃಷ್ಟಿ ದೋಷ ತಡೆಯಲು ಇದು ನೆರವಾಗುತ್ತದೆ.

ಫೋನನ್ನು ಶೌಚಾಲಯಕ್ಕೆ ಒಯ್ಯಬೇಡಿ. ಅದರಲ್ಲಿ ಓದಲು ವುಝೂ ಬೇಕೇ ಎಂಬ ಪ್ರಶ್ನೆಗೆ ಉಲೇಮಾಗಳು ಉತ್ತರಿಸಲಿ. ಕೈ ತೊಳೆಯಿರಿ ಎಂಬುದು ವೈದ್ಯನ ಮಾತು. ಫೋನು ಆಫ್ ಮಾಡಿ, 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸು ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಪರದೆಯ ಮೇಲೆ ನೇರ ಸುರಿಯಬೇಡಿ.

ಇವತ್ತೇ ಇಶಾ ನಂತರ ಮಗುವಿನ ಮುಸ್‌ಹಫನ್ನೂ ನಿಮ್ಮ ಫೋನನ್ನೂ ಪಕ್ಕಪಕ್ಕದಲ್ಲಿ ತೆರೆಯಿರಿ. ಪುಟ ಹೊಂದದಿದ್ದರೆ ನಾಳೆಯಿಂದ ಮಗುವಿನ ಕೈಗೆ ಆ ಫೋನು ಕೊಡಬೇಡಿ. ಅಕ್ಷರ ದೊಡ್ಡದು ಮಾಡಿ ದಾದಿಗೆ ಕೊಡಿ.