ತಪ್ಪನ್ನು ನಿರ್ಭಯವಾಗಿ ಹೇಳುವ ತಂಡ

ಪಂಚಪರಮೇಷ್ಠಿಗಳಲ್ಲಿ ಅರಿಹಂತರು ಮತ್ತು ಸಿದ್ಧರ ನಂತರದ ಸ್ಥಾನ ಆಚಾರ್ಯರದು. ಮುನಿಸಂಘವನ್ನು ಮುನ್ನಡೆಸುವ ಹೊಣೆ ಅವರದು. ದೀಕ್ಷೆ ನೀಡುವವರೂ, ದೋಷಕ್ಕೆ ಪ್ರಾಯಶ್ಚಿತ್ತ ವಿಧಿಸುವವರೂ ಅವರೇ. ಆದರೆ ಈ ಅಧಿಕಾರಕ್ಕೆ ಒಂದು ಕಟ್ಟುಪಾಡುಂಟು. ದರ್ಶನ, ಜ್ಞಾನ, ಚಾರಿತ್ರ, ತಪ, ವೀರ್ಯವೆಂಬ ಐದು ಆಚಾರಗಳನ್ನು ಮೊದಲು ತಾವು ಪಾಲಿಸಿ, ಬಳಿಕ ಶಿಷ್ಯರಿಂದ ಪಾಲಿಸಬೇಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಸೇವೆ ಸಲ್ಲಿಸಿದರು. ಅವರು ಬದುಕಿದ್ದು ಮಾತ್ರ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ, ವಿದ್ಯಾರ್ಥಿಗಳ ನಡುವೆ. ಅವರು ಜೈನರಲ್ಲ, ವೈಚಾರಿಕತೆಯನ್ನು ನೆಚ್ಚಿದವರು. ಆದರೂ ಅಪರಿಗ್ರಹದ ಅರ್ಥವನ್ನು ಅವರ ಬಾಳಿನಲ್ಲಿ ಕಾಣಬಹುದು. ಸರಳವಾಗಿ ಬಾಳಿ ತೋರಿಸಿದವರು ಸರಳತೆಯನ್ನು ಬೋಧಿಸಿದರೆ ಕೇಳುವವರಿಗೆ ಅದು ಭಾರವೆನಿಸದು.

ಶಿವಾರ್ಯರ ಪ್ರಾಕೃತ ಗ್ರಂಥ ‘ಭಗವತೀ ಆರಾಧನಾ’ ಆಚಾರ್ಯರಿಗೆ ಇನ್ನೊಂದು ಗುಣವನ್ನೂ ಹೇಳುತ್ತದೆ. ಕನ್ನಡದ ‘ವಡ್ಡಾರಾಧನೆ’ಯ ಕಥೆಗಳಿಗೆ ಆಧಾರವಾದ ಗಾಹೆಗಳಿರುವುದು ಇದೇ ಗ್ರಂಥದಲ್ಲಿ. ಆ ಗುಣದ ಹೆಸರು ಅಪರಿಸ್ರಾವಿತ್ವ, ಎಂದರೆ ಸೋರದಿರುವಿಕೆ. ಶಿಷ್ಯನು ಆಲೋಚನೆಯ ಸಮಯದಲ್ಲಿ ತನ್ನ ದೋಷವನ್ನು ಗುರುವಿನ ಮುಂದೆ ನಿವೇದಿಸುತ್ತಾನೆ. ಗುರುವು ತಿದ್ದುತ್ತಾರೆ, ಪ್ರಾಯಶ್ಚಿತ್ತ ಕೊಡುತ್ತಾರೆ. ಆದರೆ ಆ ದೋಷ ಅವರ ಬಾಯಿಂದ ಮತ್ತೊಬ್ಬರ ಕಿವಿಗೆ ಬೀಳಬಾರದು. ಬಿದ್ದರೆ ಮುಂದೆ ಯಾವ ಶಿಷ್ಯನೂ ಮನಸ್ಸು ಬಿಚ್ಚಲಾರ.

ಇಂದಿನ ಕೆಲಸದ ಸ್ಥಳಗಳಿಗೆ ಬೇಕಾದ ಪಾಠ ಇದೇ. ಸಿದ್ಧ ಉಡುಪು ಕಾರ್ಖಾನೆಯೊಂದನ್ನು ನೆನೆಯೋಣ. ಗಂಟೆಗೆ ಇಷ್ಟು ಪೀಸು ಎಂಬ ಗುರಿ ಇರುತ್ತದೆ. ಹೊಲಿಗೆ ತಪ್ಪಿದ ಹೆಣ್ಣುಮಗಳನ್ನು ಸೂಪರ್‌ವೈಸರ್ ಎಲ್ಲರೆದುರು ಗದರಿದರೆ ಆ ಗಂಟೆಯ ಲೆಕ್ಕ ಸರಿಹೋಗಬಹುದು. ಆದರೆ ಮರುದಿನ ಆಕೆ ತಪ್ಪನ್ನು ಹೇಳುವುದಿಲ್ಲ, ಮುಚ್ಚಿಡುತ್ತಾಳೆ. ಪಕ್ಕದವಳೂ ಅದನ್ನೇ ಕಲಿಯುತ್ತಾಳೆ. ಕೊನೆಗೆ ದೋಷ ಹೊರಬೀಳುವುದು ಇಡೀ ಸರಕು ಹಿಂದಿರುಗಿ ಬಂದಾಗ. ಚಿಂತಾಮಣಿಯ ಮಂಡಿಯಾಗಲಿ, ಶಿಡ್ಲಘಟ್ಟದ ಅಂಗಡಿಯಾಗಲಿ, ಚಿಕ್ಕಬಳ್ಳಾಪುರದ ಕಚೇರಿಯಾಗಲಿ, ಭಯವಿರುವಲ್ಲಿ ಸತ್ಯ ಮೇಲಧಿಕಾರಿಯನ್ನು ತಲುಪುವುದಿಲ್ಲ. ಕಟುನುಡಿಯೂ ಹಿಂಸೆಯೇ, ಅದರ ನಷ್ಟ ಆಡಿದವನಿಗೂ ತಪ್ಪದು.

ಹಾಗೆಂದು ತಪ್ಪನ್ನು ಕಂಡೂ ಕಾಣದಂತಿರುವುದು ಕರುಣೆಯಲ್ಲ. ಆಚಾರ್ಯರು ಪ್ರಾಯಶ್ಚಿತ್ತವನ್ನು ಬಿಡುವುದಿಲ್ಲ. ತಿದ್ದುವುದು ಏಕಾಂತದಲ್ಲಿರಲಿ, ಹೊಗಳುವುದು ಎಲ್ಲರೆದುರಿರಲಿ. ಜೀವಿಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂಬುದು ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಆಶಯ. ನಾಯಕನು ತಂಡವನ್ನು ಸಾಕುತ್ತಾನೆ ಎನ್ನುವುದು ಅರ್ಧ ಸತ್ಯ; ತಂಡವೂ ನಾಯಕನನ್ನು ಸಾಕುತ್ತದೆ.

ಸಲ್ಲೇಖನಕ್ಕೆ ಅಣಿಯಾಗುವ ಆಚಾರ್ಯರು ಯೋಗ್ಯ ಶಿಷ್ಯನಿಗೆ ಸಂಘವನ್ನು ಒಪ್ಪಿಸಿ, ಅದುವರೆಗೆ ತಾವು ಆಳಿದ ಆ ಸಂಘದ ಕ್ಷಮೆಯನ್ನೇ ಬೇಡುತ್ತಾರೆ. ನಡೆಸಿದವನಿಂದಲೂ ನೋವಾಗಿರಬಹುದೆಂಬ ಅರಿವು ಅದು. ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಾಣಿಯ ದಿನ ಬಂಧುಗಳಲ್ಲಿ ಕ್ಷಮೆ ಕೇಳುವ ಯಜಮಾನನು ತನ್ನ ಕೈಕೆಳಗೆ ದುಡಿಯುವವರ ಬಳಿಗೂ ಹೋಗಲಿ. ಅವನು ಮೊದಲು ತನ್ನ ತಪ್ಪನ್ನು ಒಪ್ಪಿಕೊಂಡರೆ, ಅವರಿಗೂ ತಮ್ಮ ತಪ್ಪನ್ನು ಹೇಳುವ ಧೈರ್ಯ ಬರುತ್ತದೆ.