ಅಮೇರಿಕದ ಕರಿಯರ ಕಾಲೇಜುಗಳು ಮತ್ತು ನಾವು

ಸಮುದಾಯವೊಂದು ತನ್ನದೇ ಆದ ಕಾಲೇಜುಗಳನ್ನು ಕಟ್ಟಿಕೊಂಡರೆ ಅದು ಮುಖ್ಯವಾಹಿನಿಯಿಂದ ದೂರ ಸರಿಯುತ್ತದೆ ಎಂಬ ಆರೋಪ ನಮ್ಮ ದೇಶದಲ್ಲಿ ಹೊಸತಲ್ಲ. ಹೊರಗಿನವರು ಮಾತ್ರವಲ್ಲ, ನಮ್ಮೊಳಗಿನ ಕೆಲವು ವಿದ್ಯಾವಂತರೂ ಇದನ್ನು ಹೇಳುತ್ತಿರುತ್ತಾರೆ. ಈ ಮಾತನ್ನು ಒರೆಗೆ ಹಚ್ಚಿ ನೋಡಲು ಅಮೇರಿಕದ ಕರಿಯರ ಕಾಲೇಜುಗಳಿಗಿಂತ ಉತ್ತಮ ಉದಾಹರಣೆ ಸಿಗಲಾರದು. ಅಲ್ಲಿ ಇಂತಹ ಸುಮಾರು ನೂರು ಕಾಲೇಜುಗಳೂ ವಿಶ್ವವಿದ್ಯಾನಿಲಯಗಳೂ ಇವೆ. ದೇಶದ ಒಟ್ಟು ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇವುಗಳ ಪಾಲು ಶೇ. 3ರಷ್ಟು ಮಾತ್ರ. ಆದರೆ ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್ ಮತ್ತು ಗಣಿತದಲ್ಲಿ ಪದವಿ ಪಡೆಯುವ ಕರಿಯರ ಪೈಕಿ ಶೇ. 25ರಷ್ಟು ಮಂದಿ ಇವುಗಳಿಂದಲೇ ಹೊರಬರುತ್ತಾರೆಂದು ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್ ಎಂಬ ನಿಧಿ ಸಂಸ್ಥೆ ಲೆಕ್ಕ ಹೇಳುತ್ತದೆ. ಇಷ್ಟು ಸಣ್ಣ ಪಾಲಿನಿಂದ ಇಷ್ಟು ದೊಡ್ಡ ಫಲ ಬಂದದ್ದು ಹೇಗೆ?

ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗುಲಾಮಗಿರಿಯ ಕಾಲದಲ್ಲಿ ಅಮೇರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯನಿಗೆ ಅಕ್ಷರ ಕಲಿಸುವುದು ಅಪರಾಧವಾಗಿತ್ತು. ಗುಲಾಮರಿಗೆ ಬರೆಯಲು ಕಲಿಸಬಾರದೆಂಬ ಕಾನೂನನ್ನು ದಕ್ಷಿಣ ಕೆರೊಲಿನಾ 1740ರಲ್ಲೇ ಮಾಡಿತ್ತು. ಉತ್ತರ ಕೆರೊಲಿನಾ 1830ರಲ್ಲಿ ಅದನ್ನು ಅನುಸರಿಸಿತು. ಅದೇ ಉತ್ತರ ಕೆರೊಲಿನಾದ ಫಯೆಟ್‌ವಿಲ್ ಪರಿಸರದಲ್ಲಿ ಉಮರ್ ಬಿನ್ ಸಈದ್ ಎಂಬ ಗುಲಾಮರಿದ್ದರು. ಪಶ್ಚಿಮ ಆಫ್ರಿಕಾದ ಫೂಟಾ ಟೋರೊದಲ್ಲಿ ವರ್ಷಗಟ್ಟಲೆ ಧಾರ್ಮಿಕ ವಿದ್ಯೆ ಕಲಿತಿದ್ದ ಈ ವಿದ್ವಾಂಸ 1807ರಲ್ಲಿ ಸೆರೆಯಾಳಾಗಿ ಅಮೇರಿಕಕ್ಕೆ ಬಂದಿಳಿದವರು. ಅಕ್ಷರ ಕಲಿಸುವುದನ್ನು ನಿಷೇಧಿಸಿದ ಮರುವರ್ಷವೇ, 1831ರಲ್ಲಿ, ಅವರು ಅರಬಿ ಭಾಷೆಯಲ್ಲಿ ತಮ್ಮ ಆತ್ಮಕಥೆಯನ್ನು ಬರೆದರು. ಒಡೆಯನ ಭಾಷೆಯಲ್ಲಲ್ಲ, ತಾನು ಮದ್ರಸದಲ್ಲಿ ಕಲಿತ ಭಾಷೆಯಲ್ಲಿ. ಬದ್ರ್‌ನ ಕೈದಿಗಳ ಪೈಕಿ ಅಕ್ಷರ ಬಲ್ಲವರು ಮದೀನಾದ ಹತ್ತು ಮಕ್ಕಳಿಗೆ ಕಲಿಸಿದರೆ ಅದೇ ಅವರ ಬಿಡುಗಡೆಯ ಪರಿಹಾರಧನವೆಂದು ಪ್ರವಾದಿ ಮುಹಮ್ಮದ್(ಸ) ನಿಶ್ಚಯಿಸಿದ ಇತಿಹಾಸವನ್ನು ಬಲ್ಲ ನಮಗೆ, ಅಕ್ಷರ ಕಲಿಸಿದ್ದಕ್ಕೆ ದಂಡ ಹಾಕುವ ನಾಗರಿಕತೆ ಎಂತಹದೆಂದು ವಿವರಿಸಬೇಕಾಗಿಲ್ಲ.

ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ರದ್ದಾಯಿತು. ಕರಿಯರಿಗೆ ಸ್ವಾತಂತ್ರ್ಯ ಸಿಕ್ಕಿತು, ಶಾಲೆ ಸಿಗಲಿಲ್ಲ. ಕಟ್ಟಿಕೊಳ್ಳಬೇಕಾಯಿತು. 1867ರಲ್ಲಿ ವಾಷಿಂಗ್ಟನ್‌ನಲ್ಲಿ ಹೊವಾರ್ಡ್, 1868ರಲ್ಲಿ ವರ್ಜೀನಿಯಾದಲ್ಲಿ ಹ್ಯಾಂಪ್ಟನ್, 1881ರಲ್ಲಿ ಅಲಬಾಮದಲ್ಲಿ ಟಸ್ಕೀಗಿ ಸ್ಥಾಪನೆಯಾದವು. ಟಸ್ಕೀಗಿಯ ಸ್ಥಾಪಕ ಬೂಕರ್ ಟಿ. ವಾಷಿಂಗ್ಟನ್ ಸ್ವತಃ ಗುಲಾಮರಾಗಿ ಹುಟ್ಟಿದವರು. ಕಟ್ಟಡಕ್ಕೆ ಇಟ್ಟಿಗೆ ಬೇಕಿತ್ತು, ಹಣವಿರಲಿಲ್ಲ. ವಿದ್ಯಾರ್ಥಿಗಳೇ ಇಟ್ಟಿಗೆ ಸುಡಲು ಹೊರಟರು. ಒಂದರ ಮೇಲೊಂದರಂತೆ ಮೂರು ಗೂಡುಗಳು ಕೆಟ್ಟುಹೋದವು. ನಾಲ್ಕನೆಯದಕ್ಕೆ ಕೈಯಲ್ಲಿ ಕಾಸಿಲ್ಲದೆ ವಾಷಿಂಗ್ಟನ್ ತನ್ನ ಗಡಿಯಾರವನ್ನು 15 ಡಾಲರಿಗೆ ಅಡವಿಟ್ಟರು. ನಾಲ್ಕನೆಯ ಗೂಡು ಸರಿಯಾಗಿ ಬೆಂದಿತು. ಅಲ್ಲಿನ ಹಲವು ಕಟ್ಟಡಗಳ ನಕ್ಷೆ ತಯಾರಿಸಿದವರು ಎಂಐಟಿಯ ಪ್ರಥಮ ಕರಿಯ ಪದವೀಧರ, 1892ರಲ್ಲಿ ಅಲ್ಲಿಂದ ಹೊರಬಂದ ರಾಬರ್ಟ್ ಆರ್. ಟೇಲರ್. ಮುಂದೆ 1890ರ ಮೊರಿಲ್ ಕಾನೂನು, ಸರಕಾರಿ ಕಾಲೇಜಿಗೆ ಕರಿಯರನ್ನು ಸೇರಿಸಿಕೊಳ್ಳಿ, ಇಲ್ಲವೇ ಅವರಿಗಾಗಿ ಬೇರೆ ಕಾಲೇಜು ತೆರೆಯಿರಿ ಎಂದು ರಾಜ್ಯಗಳಿಗೆ ಹೇಳಿತು. ದಕ್ಷಿಣದ ರಾಜ್ಯಗಳು ಎರಡನೆಯದನ್ನೇ ಆರಿಸಿಕೊಂಡವು. ಅಂದರೆ ಪ್ರತ್ಯೇಕತೆ ಕರಿಯರ ಆಯ್ಕೆಯಾಗಿರಲಿಲ್ಲ. ಬಾಗಿಲು ಮುಚ್ಚಿದವರೇ, ನೀವೇಕೆ ಹೊರಗೆ ನಿಂತಿದ್ದೀರಿ ಎಂದು ಕೇಳುವುದು ಎಲ್ಲ ದೇಶಗಳ ಬಹುಸಂಖ್ಯಾತ ರಾಜಕೀಯದ ಹಳೆಯ ಚಾಳಿ.

ಈ ಕಾಲೇಜುಗಳಲ್ಲಿ ಏನನ್ನು ಕಲಿಸಬೇಕೆಂಬ ಕುರಿತು ಆ ಸಮುದಾಯದೊಳಗೇ ದೊಡ್ಡ ಜಗಳವಿತ್ತು. ಮೊದಲು ಕೈಕಸುಬು ಕಲಿಯೋಣ, ದುಡಿದು ಸಂಪಾದಿಸೋಣ, ಉಳಿದದ್ದು ಆಮೇಲೆ ಎಂಬುದು ವಾಷಿಂಗ್ಟನ್‌ರ ನಿಲುವು. ಕರಿಯರ ಕಾಲೇಜಾದ ಫಿಸ್ಕ್‌ನಲ್ಲಿ ಕಲಿತು 1895ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದ ಡಬ್ಲ್ಯು.ಇ.ಬಿ. ಡುಬೊಯ್ಸ್ ಇದನ್ನು ಒಪ್ಪಲಿಲ್ಲ. ಉನ್ನತ ಜ್ಞಾನವನ್ನು ಬಿಟ್ಟುಕೊಟ್ಟ ಜನಾಂಗ ಇತರರ ಕೈಯಾಳಾಗಿಯೇ ಉಳಿಯುತ್ತದೆಂದು ಅವರು ವಾದಿಸಿದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಆದರೆ ಇಂಜಿನಿಯರಿಂಗ್ ಮತ್ತು ವಿಜ್ಞಾನದ ವಿಷಯದಲ್ಲಿ ಗೆದ್ದದ್ದು ಡುಬೊಯ್ಸ್ ಎಂದೇ ನನ್ನ ಅಭಿಪ್ರಾಯ. ನಮ್ಮ ಹುಡುಗರಿಗೆ ಏನಾದರೊಂದು ಕೆಲಸ ಕಲಿಸಿ ಕೊಲ್ಲಿಗೆ ಕಳುಹಿಸಿದರೆ ಸಾಕು ಎಂದು ಹೇಳುವವರು ಈ ಜಗಳವನ್ನು ಒಮ್ಮೆ ಓದಬೇಕು.

ಕ್ಯಾಥರಿನ್ ಜಾನ್ಸನ್‌ರ ಹೆಸರನ್ನು ಹಲವರು ಕೇಳಿರಬಹುದು. 1918ರಲ್ಲಿ ಪಶ್ಚಿಮ ವರ್ಜೀನಿಯಾದ ಸಣ್ಣ ಊರೊಂದರಲ್ಲಿ ಹುಟ್ಟಿದ ಹುಡುಗಿ. ಆ ಊರಲ್ಲಿ ಕರಿಯ ಮಕ್ಕಳಿಗೆ ಎಂಟನೆಯ ತರಗತಿಯ ನಂತರ ಶಾಲೆಯಿರಲಿಲ್ಲ. ದೂರದ ಇನ್‌ಸ್ಟಿಟ್ಯೂಟ್ ಎಂಬ ಊರಲ್ಲಿ ಕರಿಯರ ಕಾಲೇಜೊಂದಿತ್ತು, ಅದರ ಆವರಣದಲ್ಲಿ ಹೈಸ್ಕೂಲೂ ಇತ್ತು. ತಂದೆ ಮಕ್ಕಳ ಓದಿಗಾಗಿ ಕುಟುಂಬಕ್ಕೆ ಅಲ್ಲಿಯೇ ಮನೆ ಮಾಡಿಕೊಟ್ಟರು. ಕಾಲೇಜಿನಲ್ಲಿ ಆಕೆಗೆ ಸಿಕ್ಕಿದ ಗಣಿತ ಶಿಕ್ಷಕ ವಿಲಿಯಂ ಕ್ಲೇಟರ್. ಹೊವಾರ್ಡ್‌ನಲ್ಲಿ ಕಲಿತು, 1933ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಗಣಿತದಲ್ಲಿ ಆ ಪದವಿ ಪಡೆದ ಮೂರನೆಯ ಆಫ್ರಿಕನ್ ಅಮೇರಿಕನ್. ಬಿಳಿಯರ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕ ಹುದ್ದೆ ದೊರಕದ ಕಾರಣ ಇಂತಹ ಪ್ರತಿಭಾವಂತ ಸಣ್ಣ ಕಾಲೇಜಿನ ಹುಡುಗರಿಗೆ ಪಾಠ ಹೇಳುತ್ತಿದ್ದರು. ನೀನು ಸಂಶೋಧಕಿಯಾಗಬಲ್ಲೆ ಎಂದು ಅವರು ಆಕೆಗೆ ಹೇಳಿದರು. ಅಂತಹ ಕೆಲಸ ನನಗೆ ಎಲ್ಲಿ ಸಿಗುತ್ತದೆ ಎಂದು ಆಕೆ ಕೇಳಿದಾಗ, ಅದು ನಿನಗೆ ಬಿಟ್ಟದ್ದು, ನಿನ್ನನ್ನು ಸಿದ್ಧಗೊಳಿಸುವುದು ನನ್ನ ಹೊಣೆ ಎಂಬರ್ಥದ ಉತ್ತರ ಕೊಟ್ಟರು. ಅಂತರಿಕ್ಷದ ವಿಶ್ಲೇಷಣಾತ್ಮಕ ರೇಖಾಗಣಿತದ ಪಾಠವೊಂದನ್ನು ಆಕೆಗಾಗಿಯೇ ರೂಪಿಸಿದರು. ಆ ತರಗತಿಯಲ್ಲಿದ್ದ ವಿದ್ಯಾರ್ಥಿನಿ ಆಕೆ ಒಬ್ಬಳೇ! ಇದು 1930ರ ದಶಕದ ಮಾತು. ಆಗ ಅಮೇರಿಕಕ್ಕೆ ಬಾಹ್ಯಾಕಾಶ ಯೋಜನೆ ಎಂಬುದೇ ಇರಲಿಲ್ಲ.

1937ರಲ್ಲಿ, 18ರ ಹರೆಯದಲ್ಲಿ ಪದವಿ ಮುಗಿಸಿದ ಆಕೆ ಹಲವು ವರ್ಷ ಶಿಕ್ಷಕಿಯಾಗಿ ದುಡಿದು 1953ರಲ್ಲಿ ಲ್ಯಾಂಗ್ಲಿಯ ವಿಮಾನಶಾಸ್ತ್ರ ಪ್ರಯೋಗಾಲಯವನ್ನು ಸೇರಿದರು. 1961ರಲ್ಲಿ ಅಲನ್ ಶೆಪರ್ಡ್‌ರ ಯಾನದ ಪಥವನ್ನು ಲೆಕ್ಕ ಹಾಕಿದರು. 1962ರಲ್ಲಿ ಭೂಮಿಯನ್ನು ಸುತ್ತಲು ಹೊರಟ ಜಾನ್ ಗ್ಲೆನ್, ಕಂಪ್ಯೂಟರ್ ಕೊಟ್ಟ ಅಂಕೆಗಳನ್ನು ಈಕೆ ಕೈಯಾರೆ ಪರಿಶೀಲಿಸಬೇಕೆಂದು ಕೇಳಿಕೊಂಡದ್ದು ಪ್ರಸಿದ್ಧ. 2015ರಲ್ಲಿ ದೇಶದ ಅತ್ಯುನ್ನತ ನಾಗರಿಕ ಗೌರವ ಸಂದಿತು. 2020ರಲ್ಲಿ 101ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕ್ಲೇಟರ್‌ರ ಹೆಸರು ಮಾತ್ರ ಇಂದಿಗೂ ಹೆಚ್ಚಿನವರಿಗೆ ಗೊತ್ತಿಲ್ಲ.

ಅದೇ ಪ್ರಯೋಗಾಲಯದಲ್ಲಿ ವಿಲ್ಬರ್‌ಫೋರ್ಸ್‌ನ ಪದವೀಧರೆ ಡೊರೊತಿ ವಾನ್ ಇದ್ದರು, ಹ್ಯಾಂಪ್ಟನ್‌ನ ಪದವೀಧರೆ ಮೇರಿ ಜಾಕ್ಸನ್ ಇದ್ದರು. ಇಂಜಿನಿಯರ್ ಆಗಲು ಬೇಕಾದ ಹೆಚ್ಚುವರಿ ತರಗತಿಗಳು ಬಿಳಿಯರ ಹೈಸ್ಕೂಲಿನ ಕಟ್ಟಡದಲ್ಲಿ ನಡೆಯುತ್ತಿದ್ದುದರಿಂದ, ಅಲ್ಲಿ ಕುಳಿತು ಕಲಿಯಲು ಮೇರಿ ನಗರಾಡಳಿತದ ವಿಶೇಷ ಅನುಮತಿ ಪಡೆಯಬೇಕಾಯಿತು. ಪಡೆದರು, ಕಲಿತರು, 1958ರಲ್ಲಿ ನಾಸಾದ ಪ್ರಥಮ ಕರಿಯ ಮಹಿಳಾ ಇಂಜಿನಿಯರ್ ಆದರು. ವಾಷಿಂಗ್ಟನ್‌ನಲ್ಲಿರುವ ನಾಸಾದ ಪ್ರಧಾನ ಕಚೇರಿಗೆ ಅವರ ಹೆಸರಿಡುವ ಘೋಷಣೆ 2020ರಲ್ಲಿ ಹೊರಬಿತ್ತು. ಇನ್ನೊಬ್ಬರು ಗ್ಲ್ಯಾಡಿಸ್ ವೆಸ್ಟ್. ವರ್ಜೀನಿಯಾದ ರೈತ ಕುಟುಂಬದ ಹೆಣ್ಣುಮಗಳು. ಶಾಲೆಯಲ್ಲಿ ಮೊದಲಿಗಳಾಗಿ ವಿದ್ಯಾರ್ಥಿವೇತನ ಪಡೆದು ವರ್ಜೀನಿಯಾ ಸ್ಟೇಟ್ ಎಂಬ ಕರಿಯರ ಕಾಲೇಜಿನಲ್ಲಿ ಗಣಿತ ಓದಿದರು. 1956ರಲ್ಲಿ ನೌಕಾಪಡೆಯ ಡಾಲ್‌ಗ್ರೆನ್ ಕೇಂದ್ರವನ್ನು ಸೇರಿ, ಉಪಗ್ರಹಗಳ ಮಾಹಿತಿಯಿಂದ ಭೂಮಿಯ ನಿಜವಾದ ಆಕಾರವನ್ನು ಲೆಕ್ಕ ಹಾಕುವ ಕೆಲಸ ಮಾಡಿದರು. ಇಂದು ನಾವು ಮೊಬೈಲ್‌ನಲ್ಲಿ ದಾರಿ ಹುಡುಕುವ ಜಿಪಿಎಸ್ ವ್ಯವಸ್ಥೆಗೆ ಆ ಲೆಕ್ಕಗಳೂ ಒಂದು ಅಡಿಪಾಯ.

ಲಾನಿ ಜಾನ್ಸನ್‌ರ ಕತೆ ಬೇರೆ ತರಹದ್ದು. 1968ರಲ್ಲಿ ಅಲಬಾಮ ವಿಶ್ವವಿದ್ಯಾನಿಲಯದಲ್ಲಿ ಹೈಸ್ಕೂಲ್ ಮಕ್ಕಳ ವಿಜ್ಞಾನ ಸ್ಪರ್ಧೆ ನಡೆಯಿತು. ಐದು ವರ್ಷಗಳ ಹಿಂದೆಯಷ್ಟೇ ಕರಿಯ ವಿದ್ಯಾರ್ಥಿಗಳನ್ನು ತಡೆಯಲು ರಾಜ್ಯಪಾಲರೇ ಬಾಗಿಲಲ್ಲಿ ನಿಂತಿದ್ದ ವಿಶ್ವವಿದ್ಯಾನಿಲಯವದು. ಸ್ಪರ್ಧೆಯಲ್ಲಿದ್ದ ಏಕೈಕ ಕರಿಯ ಹುಡುಗ ಲಾನಿ ತಾನೇ ಕಟ್ಟಿದ ರೋಬೋಟನ್ನು ತಂದು ಪ್ರಥಮ ಬಹುಮಾನ ಗೆದ್ದ. ಅಂತಹ ಹುಡುಗನನ್ನು ಕರೆದು ಮಾತನಾಡಿಸುವ ಆಸಕ್ತಿ ಆ ವಿಶ್ವವಿದ್ಯಾನಿಲಯಕ್ಕಿರಲಿಲ್ಲ. ಕರೆದದ್ದು ಟಸ್ಕೀಗಿ. ಅಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಪದವಿ, ಪರಮಾಣು ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು ಅವರು ವಾಯುಪಡೆಯಲ್ಲೂ, ಗುರು ಗ್ರಹಕ್ಕೆ ಹೋದ ಗೆಲಿಲಿಯೋ ನೌಕೆಯ ಯೋಜನೆಯಲ್ಲೂ ದುಡಿದರು. 1982ರಲ್ಲಿ ಮನೆಯಲ್ಲಿ ಹೊಸ ಬಗೆಯ ಶೀತಲೀಕರಣ ಯಂತ್ರವನ್ನು ಪರೀಕ್ಷಿಸುತ್ತಿದ್ದಾಗ ಬಚ್ಚಲುಮನೆಯಲ್ಲಿ ನೀರು ರಭಸದಿಂದ ಚಿಮ್ಮಿತು. ಆ ಚಿಮ್ಮುವಿಕೆಯಿಂದ ಹುಟ್ಟಿದ್ದು ‘ಸೂಪರ್ ಸೋಕರ್’ ಎಂಬ ನೀರಿನ ಆಟಿಕೆ ಬಂದೂಕು. ಅದರ ಮಾರಾಟ ಒಟ್ಟು ನೂರು ಕೋಟಿ ಡಾಲರ್ ದಾಟಿತು. ಆ ಸಂಪಾದನೆಯನ್ನು ಅವರು ಹೊಸ ಬಗೆಯ ಬ್ಯಾಟರಿಗಳ ಸಂಶೋಧನೆಯಲ್ಲಿ ತೊಡಗಿಸಿದರು. ಒಂಬತ್ತರ ಹರೆಯದಲ್ಲಿ ಊರಿನ ಗ್ರಂಥಾಲಯದಲ್ಲಿ ಪುಸ್ತಕ ಕೇಳಿದ್ದಕ್ಕೆ ಪೊಲೀಸರನ್ನು ಎದುರಿಸಬೇಕಾಗಿ ಬಂದ ರೊನಾಲ್ಡ್ ಮೆಕ್‌ನೇರ್, ನಾರ್ತ್ ಕೆರೊಲಿನಾ ಎ ಆಂಡ್ ಟಿ ಎಂಬ ಕರಿಯರ ಕಾಲೇಜಿನಿಂದ 1971ರಲ್ಲಿ ಭೌತಶಾಸ್ತ್ರದ ಪದವಿ ಪಡೆದು, ಎಂಐಟಿಯಲ್ಲಿ ಡಾಕ್ಟರೇಟ್ ಮಾಡಿ, 1984ರಲ್ಲಿ ಬಾಹ್ಯಾಕಾಶಕ್ಕೆ ಹೋದರು. 1986ರ ಚಾಲೆಂಜರ್ ದುರಂತದಲ್ಲಿ ಮಡಿದರು. ಆ ಗ್ರಂಥಾಲಯದ ಹಳೆಯ ಕಟ್ಟಡಕ್ಕೆ ಈಗ ಅವರದೇ ಹೆಸರು.

ಇಂಜಿನಿಯರಿಂಗ್ ವಿಭಾಗ ತೆರೆಯುವಷ್ಟು ಹಣವಿಲ್ಲದ ಕಾಲೇಜುಗಳೂ ಕೈಕಟ್ಟಿ ಕೂರಲಿಲ್ಲ. ಅಟ್ಲಾಂಟಾದ ಕಾಲೇಜುಗಳು 1969ರಲ್ಲಿ ನೆರೆಯ ಜಾರ್ಜಿಯಾ ಟೆಕ್‌ನೊಂದಿಗೆ ಒಪ್ಪಂದ ಮಾಡಿಕೊಂಡವು. ಮೂರು ವರ್ಷ ಇಲ್ಲಿ ವಿಜ್ಞಾನ, ಎರಡು ವರ್ಷ ಅಲ್ಲಿ ಇಂಜಿನಿಯರಿಂಗ್, ಕೊನೆಗೆ ಎರಡು ಪದವಿ. ಪ್ರತ್ಯೇಕ ಕಾಲೇಜು ಮುಖ್ಯವಾಹಿನಿಗೆ ಗೋಡೆಯಾಗುವ ಬದಲು ಮೆಟ್ಟಿಲಾದದ್ದು ಹೀಗೆ.

ಹಾಗೆಂದು ಎಲ್ಲವೂ ಚಿನ್ನವಲ್ಲ. ಸರಕಾರಗಳ ಅನ್ಯಾಯ ದೊಡ್ಡದು. 1987ರಿಂದ 2020ರ ವರೆಗೆ 16 ರಾಜ್ಯಗಳು ತಮ್ಮ ಕರಿಯರ ಭೂ ಅನುದಾನಿತ ವಿಶ್ವವಿದ್ಯಾನಿಲಯಗಳಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ 1,200 ಕೋಟಿ ಡಾಲರಿಗೂ ಹೆಚ್ಚು ಹಣ ನೀಡಿಲ್ಲವೆಂದು 2023ರಲ್ಲಿ ಸ್ವತಃ ಕೇಂದ್ರ ಸರಕಾರವೇ ಆ ರಾಜ್ಯಪಾಲರಿಗೆ ಪತ್ರ ಬರೆಯಿತು. ಟೆನೆಸ್ಸಿ ಸ್ಟೇಟ್ ಒಂದಕ್ಕೇ 210 ಕೋಟಿ ಡಾಲರ್ ಬಾಕಿ. ಮೇರಿಲ್ಯಾಂಡ್‌ನಲ್ಲಿ 2006ರಲ್ಲಿ ಹೂಡಿದ ಮೊಕದ್ದಮೆ 2021ರಲ್ಲಿ 57.7 ಕೋಟಿ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು. ಹದಿನೈದು ವರ್ಷ! ಆದರೆ ಒಳಗಿನ ಅನ್ಯಾಯವೂ ಇದೆ. ಅಟ್ಲಾಂಟಾದ ಮೋರಿಸ್ ಬ್ರೌನ್ ಕಾಲೇಜು 2002ರಲ್ಲಿ ಮಾನ್ಯತೆ ಕಳೆದುಕೊಂಡದ್ದು ಸಾಲ ಮತ್ತು ಹಣಕಾಸಿನ ದುರಾಡಳಿತದಿಂದ. ಮಾಜಿ ಅಧ್ಯಕ್ಷರೇ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಸಾವಿರಾರು ವಿದ್ಯಾರ್ಥಿಗಳಿದ್ದ ಕಾಲೇಜು ಕೆಲವೇ ಡಜನ್ ಮಂದಿಗೆ ಇಳಿಯಿತು. ಮಾನ್ಯತೆ ಮರಳಿ ಸಿಗಲು 2022ರ ವರೆಗೆ ಕಾಯಬೇಕಾಯಿತು. ಅಲ್ಲಿ ಬಾಗಿಲು ಮುಚ್ಚಿಸಿದ್ದು ಹೊರಗಿನ ವೈರಿಯಲ್ಲ.

ಕಾಲ ಬದಲಾಗಿದೆ, ಇನ್ನು ಇಂತಹ ಕಾಲೇಜುಗಳು ಬೇಡ ಎನ್ನುವವರಿಗೆ 2023 ಉತ್ತರ ಕೊಟ್ಟಿತು. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಅಮೇರಿಕದ ಸುಪ್ರೀಮ್ ಕೋರ್ಟ್ ಆ ವರ್ಷ ಜೂನ್‌ನಲ್ಲಿ ನಿಷೇಧಿಸಿತು. ಮುಂದಿನ ವರ್ಷವೇ ಎಂಐಟಿಯ ಹೊಸ ವಿದ್ಯಾರ್ಥಿಗಳಲ್ಲಿ ಕರಿಯರ ಪ್ರಮಾಣ ಶೇ. 13ರ ಆಸುಪಾಸಿನಿಂದ ಶೇ. 5ಕ್ಕೆ ಕುಸಿಯಿತು.

ನಮ್ಮ ರಾಜ್ಯದಲ್ಲಿ 2022ರ ಹಿಜಾಬ್ ನಿಷೇಧದ ದಿನಗಳಲ್ಲಿ ಕೆಲವು ಹೆಣ್ಣುಮಕ್ಕಳು ಸರಕಾರಿ ಕಾಲೇಜು ತೊರೆದು ಸಮುದಾಯದ ಕಾಲೇಜುಗಳ ಬಾಗಿಲು ತಟ್ಟಿದರು. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ವಿದ್ಯಾಸಂಸ್ಥೆ ಕಟ್ಟುವ ಹಕ್ಕನ್ನು ಕೊಟ್ಟಿದೆ. ಅದು ಡೊನೇಶನ್ ವಸೂಲಿಯ ಪರವಾನಿಗೆಯಲ್ಲ. ಬಡ ಮನೆಯ, ಕಡಿಮೆ ಅಂಕದ ಹುಡುಗಿಯನ್ನು ಒಳಗೆ ಸೇರಿಸಿ ಗಟ್ಟಿಗೊಳಿಸುವ ಸಂಸ್ಥೆಗೆ ಮಾತ್ರ ಆ ಹಕ್ಕಿನ ಹೆಸರು ಹೇಳುವ ನೈತಿಕತೆ ಇದೆ. ನಮ್ಮ ಪಟ್ಟಣಗಳಲ್ಲಿ ಸಮುದಾಯದ ಸಂಸ್ಥೆಗಳ ವಾರ್ಷಿಕ ಸಭೆಗಳು ನಡೆಯುತ್ತಿರುತ್ತವೆ. ಕಟ್ಟಡದ ಲೆಕ್ಕ, ಕಂಪೌಂಡಿನ ಲೆಕ್ಕ, ಸನ್ಮಾನದ ಲೆಕ್ಕ ಅಲ್ಲಿ ಓದಲ್ಪಡುತ್ತದೆ. ಮುಂದಿನ ಸಭೆಯಲ್ಲಿ ತಂದೆತಾಯಂದಿರಲ್ಲಿ ಯಾರಾದರೊಬ್ಬರು ಎದ್ದು ನಿಂತು ಇಷ್ಟನ್ನು ಕೇಳಲಿ: ಕ್ಲೇಟರ್‌ರಂತಹ ಒಬ್ಬ ಗಣಿತ ಶಿಕ್ಷಕ ನಾಳೆ ನಮ್ಮ ಕಾಲೇಜಿಗೆ ಅರ್ಜಿ ಹಾಕಿದರೆ ನೀವು ಅವರಿಗೆ ತಿಂಗಳಿಗೆ ಎಷ್ಟು ಸಂಬಳ ಕೊಡುತ್ತೀರಿ? ಒಬ್ಬಳೇ ವಿದ್ಯಾರ್ಥಿನಿಗಾಗಿ ಅವರು ಒಂದು ತರಗತಿ ನಡೆಸುತ್ತೇನೆಂದರೆ ಒಪ್ಪುತ್ತೀರಾ?